ಅಂಡಾಶಯದ ಸೌಮ್ಯ ಗೆಡ್ಡೆಗಳೂ ಉದರದರ್ಶಕ ಶಸ್ತ್ರಚಿಕಿತ್ಸೆಯೂ

ಸ್ತ್ರೀಯರ ಅಂಡಾಶಯದಲ್ಲಿ ತಲೆದೋರುವ ಗೆಡ್ಡೆಗಳೆಲ್ಲವೂ ಅರ್ಬುದಗಳಲ್ಲ. ಋತುಚಕ್ರದೊಡನೆ ಹುಟ್ಟುವ ನೀರುಗುಳ್ಳೆಗಳು ಬಹುಮಟ್ಟಿಗೆ ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಅಡಗುವುವು. ಅವಕ್ಕೆ ಶಸ್ತ್ರದ ಆವಶ್ಯಕತೆಯಿಲ್ಲ. ಅಡಗದೆ ಬೆಳೆಯುವ ಗುಳ್ಳೆಗಳು, ಕೂದಲು ಕೊಬ್ಬುಗಳನ್ನೊಳಗೊಂಡ ಡರ್ಮಾಯಿಡ್ ಗೆಡ್ಡೆಗಳು, ಹಳೆಯ ರಕ್ತ ತುಂಬಿದ ಎಂಡೊಮೆಟ್ರಿಯೋಮಗಳು—ಇವುಗಳ ವಿಷಯದಲ್ಲಿಯೇ ಚಿಕಿತ್ಸೆಯ ವಿಚಾರವೇಳುವುದು.

ಅಮೆರಿಕದ ಕೆಂಟಕಿ ಪ್ರಾಂತದಲ್ಲಿ 1809ರ ಡಿಸೆಂಬರಿನಲ್ಲಿ ಎಫ್ರೈಮ್ ಮ್ಯಾಕ್ಡೊವೆಲ್ ಎಂಬ ವೈದ್ಯನು ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆಯನ್ನು ಕೊಯ್ದು, ಇಪ್ಪತ್ತೆರಡು ಪೌಂಡಿಗೂ ಮಿಕ್ಕ ತೂಕದ ಅಂಡಾಶಯದ ಗೆಡ್ಡೆಯನ್ನು ತೆಗೆದನು. ಅರಿವಳಿಕೆಯೇ ಇಲ್ಲದ ಕಾಲವದು. ಆದರೂ ಆಕೆ ಗುಣಹೊಂದಿದಳು. ಒಳಗನ್ನು ನೋಡಬೇಕಾದರೆ ಹೊಟ್ಟೆಯನ್ನು ತೆರೆಯಲೇಬೇಕೆಂಬ ನಿರ್ಬಂಧವು ಅನಂತರವೂ ಬಹುಕಾಲ ಉಳಿಯಿತು. 1901ರಲ್ಲಿ ಜರ್ಮನಿಯ ಕೆಲಿಂಗ್ ನಾಯಿಯ ಉದರವನ್ನೂ, 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮನುಷ್ಯರ ಉದರವನ್ನೂ ಕೊಳವೆಯ ಮೂಲಕ ನೋಡಿದರು. ನೋಡುವ ಉಪಕರಣವನ್ನು ಶಸ್ತ್ರಕ್ರಿಯೆಯ ಸಾಧನವನ್ನಾಗಿ ಮಾಡಿದವರಲ್ಲಿ ಪ್ರಮುಖನು ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಸೆಮ್.

ಈ ಕ್ರಮದಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿಯ ಸಣ್ಣ ರಂಧ್ರದಿಂದ ಇಂಗಾಲದ ಡೈಆಕ್ಸೈಡನ್ನು ತುಂಬಿ ಉದರವನ್ನು ಉಬ್ಬಿಸುವರು. ದರ್ಶಕವನ್ನು ಒಂದು ರಂಧ್ರದಲ್ಲಿಯೂ, ಕತ್ತರಿ ಚಿಮಟಗಳನ್ನು ಸುಮಾರು 5 ಮಿಲಿಮೀಟರಿನ ಎರಡು ಮೂರು ರಂಧ್ರಗಳಲ್ಲಿಯೂ ಇಳಿಸುವರು. ಸಂತಾನಾಪೇಕ್ಷೆಯುಳ್ಳವರಲ್ಲಿ ಗೆಡ್ಡೆಯ ಕೋಶವನ್ನು ಮಾತ್ರ ಸುಲಿದು ಅಂಡಾಶಯವನ್ನು ಉಳಿಸಿಕೊಳ್ಳುವುದೇ ಯುಕ್ತ. ಋತುಬಂಧವಾದವರಲ್ಲಿ ಅಂಡಾಶಯವನ್ನೇ ತೆಗೆಯುವುದುಂಟು. ಡರ್ಮಾಯಿಡಿನ ಕೊಬ್ಬು ಒಳಗೆ ಚೆಲ್ಲಿದರೆ ಉದರಪೊರೆ ಉರಿಯೂತಕ್ಕೀಡಾಗುವುದರಿಂದ, ಗೆಡ್ಡೆಯನ್ನು ಚೀಲದಲ್ಲಿಟ್ಟು ಹೊರಸೆಳೆಯುವರು. ಅಲ್ಟ್ರಾಸೌಂಡು, ರಕ್ತಪರೀಕ್ಷೆಗಳಿಂದ ಅರ್ಬುದದ ಶಂಕೆ ಬಲವಾದರೆ ಉದರವನ್ನು ತೆರೆಯುವ ಹಳೆಯ ಮಾರ್ಗವೇ ಸಾಮಾನ್ಯವಾಗಿ ಶ್ರೇಯಸ್ಕರ.

ಈ ಕ್ರಮದ ಪ್ರಯೋಜನವು ಗಾಯದ ಅಂದಕ್ಕಿಂತ ಚೇತರಿಕೆಯ ವೇಗದಲ್ಲಿದೆ. ಕಲಬುರಗಿ ನಗರದಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಅನಂತರ ಸರ್ಕಾರಿ ಕಾಲೇಜೂ ಬಂದಿತು. ಆದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಅಲ್ಲಿಂದ 30 ಕಿಲೋಮೀಟರಿಗೂ ದೂರ. ಕೂಲಿಯಿಂದ ಬಾಳುವ ಹೆಂಗಸಿಗೆ, ತೆರೆದ ಶಸ್ತ್ರಕ್ರಿಯೆಯ ಬಳಿಕ ಬೇಕಾಗುವ ಸುಮಾರು ಆರು ವಾರಗಳ ವಿಶ್ರಾಂತಿಯೆಂದರೆ ಅಷ್ಟು ದಿನದ ಅನ್ನವೇ ಸರಿ. ಉದರದರ್ಶಕ ಕ್ರಮದಲ್ಲಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಿ, ಎರಡು ವಾರಗಳೊಳಗೆ ಹಗುರವಾದ ಕೆಲಸಕ್ಕೆ ತೊಡಗುವುದು ಸಾಮಾನ್ಯ.

ಚರ್ಮದ ಗಾಯ ಕಿರಿದೆಂದು ಒಳಗಿನ ಗಾಯವೂ ಕಿರಿದೆಂದು ಭಾವಿಸಲಾಗದು. ಉಳಿದ ವಾಯುವಿನಿಂದ ಒಂದೆರಡು ದಿನ ಭುಜ ನೋಯುವುದು ಸಹಜ. ಮೆಲ್ಲನೆ ನಡೆದಾಡುವುದು ಹಿತಕರ. ಬಾವಿಯ ನೀರು ಸೇದುವುದು, ಹೊರೆ ಹೊರುವುದು ಕೆಲವು ವಾರ ವರ್ಜ್ಯ. ನೋವು ದಿನದಿನಕ್ಕೆ ಇಳಿಯಬೇಕು. ಅದು ಏರಿದರೆ, ಜ್ವರ, ವಾಂತಿ, ಹೊಟ್ಟೆಯುಬ್ಬರ ಕಂಡರೆ, ಕರುಳಿಗೋ ಮೂತ್ರಕೋಶಕ್ಕೋ ಪೆಟ್ಟಾಗಿರುವ ಸಂಭವವುಂಟು; ಆಗ ಬೆಳಗಿನ ಬಸ್ಸಿಗಾಗಿ ಕಾಯದೆ ಆಸ್ಪತ್ರೆ ಸೇರಬೇಕು. ಚಿಕಿತ್ಸೆಗೆ ಮೊದಲೇ ಗೆಡ್ಡೆ ತಿರುಚಿಕೊಂಡು ತಟಕ್ಕನೆ ತೀವ್ರ ನೋವು ಬಂದವರಿಗೂ ಇದೇ ಮಾತು ಸಲ್ಲುವುದು. ಅಲ್ಲಿ ಕೆಲವು ಗಂಟೆಗಳ ವಿಳಂಬವೇ ಅಂಡಾಶಯದ ನಷ್ಟಕ್ಕೆ ಕಾರಣವಾಗಬಹುದು.