ಹಳೆಯ ಕ್ಯಾಮೆರಾಕ್ಕೆ ಕಂಪನಿಗಿಂತ ಸರ್ವಿಸ್ ದೊಡ್ಡದು

ಶಾಗ್ಯ, ಹನೂರು, ಕೊಳ್ಳೇಗಾಲದ ಕಡೆಯ ಯಾವುದಾದರೂ ಮನೆಯ ಬೀರುವಿನಲ್ಲೋ ಸ್ಟುಡಿಯೋದ ಅಟ್ಟದಲ್ಲೋ ರೀಲ್ ಕ್ಯಾಮೆರಾ ಸಿಕ್ಕಿತೆನ್ನಿ. ಯಾವ ಕಂಪನಿಯದು ಎಂದು ಎಲ್ಲರೂ ಕೇಳುತ್ತಾರೆ. ಕೊನೆಯ ಸಲ ಸರ್ವಿಸ್ ಆದದ್ದು ಯಾವಾಗ ಎಂದು ಕೇಳುವವರು ಕಡಿಮೆ. ಐವತ್ತು ವರ್ಷ ದಾಟಿದ ಯಂತ್ರವನ್ನು ನಂಬಬಹುದೇ ಎಂಬುದಕ್ಕೆ ಉತ್ತರ ಸಿಗುವುದು ಈ ಎರಡನೆಯ ಪ್ರಶ್ನೆಯಿಂದಲೇ. ಏಕೆಂದರೆ ಕ್ಯಾಮೆರಾ ಬಳಸಿ ಸವೆಯುವುದಕ್ಕಿಂತ ಸುಮ್ಮನೆ ಇಟ್ಟು ಕೆಡುವುದೇ ಹೆಚ್ಚು. ಶಟರಿನ ಎಣ್ಣೆ, ಗ್ರೀಸ್ ಒಣಗಿ ಅಂಟಾಗುತ್ತವೆ; ಹಿಂಬಾಗಿಲಿನ ಅಂಚಿನ ಫೋಮ್ ಪುಡಿಯಾಗಿ ಬೆಳಕು ಒಳನುಗ್ಗುತ್ತದೆ; ತೇವ ಹೀರಿದ ಚರ್ಮದ ಕೇಸಿನೊಳಗೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ; ಮರೆತುಬಿಟ್ಟ ಬ್ಯಾಟರಿ ಸೋರಿ ತಂತಿಗಳನ್ನು ತಿನ್ನುತ್ತದೆ.

ರಚನೆಯೂ ಮುಖ್ಯ. ವಡೋದರಾದಲ್ಲಿ ತಯಾರಾಗಿ ಮಧ್ಯಮ ವರ್ಗದ ಮನೆಗಳನ್ನು ಸೇರಿದ ಆಗ್ಫಾ ಕ್ಲಿಕ್ 3ರಲ್ಲಿ ಬಿಡಿಭಾಗಗಳೇ ಕಡಿಮೆ, ಹಾಗಾಗಿ ಕೆಡುವುದೂ ಕಡಿಮೆ. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35 ಹಾಗಲ್ಲ. ಅದರ ಶಟರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ಸಿಗದು, ಬದಲಿ ಹಾಕಬೇಕು. ಒಳಗಿನ ಪುಟ್ಟ ರಬ್ಬರ್ ತುಂಡೊಂದು ಕರಗಿದರೆ ಬೆಳಕಿನ ಅಳತೆಯೇ ತಪ್ಪುತ್ತದೆ. 1976ರಿಂದ 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000ಕ್ಕೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಶಟರ್ ಸ್ಪ್ರಿಂಗಿನ ಬಲದಲ್ಲಿ ಓಡುತ್ತದೆ. ಆದರೆ ಆ ಶಟರಿನ ಯಂತ್ರಕ್ಕೂ ಎಣ್ಣೆ ಬೇಕು.

ಹಳೆಯದೆಲ್ಲ ಗಟ್ಟಿ, ನಮ್ಮದು ಸರ್ವಿಸ್ ಇಲ್ಲದೆಯೇ ಓಡುತ್ತಿದೆ ಎನ್ನುವವರಿದ್ದಾರೆ. ಕೆಟ್ಟವು ಎಂದೋ ಗುಜರಿಗೆ ಹೋಗಿವೆ, ಕಣ್ಣಿಗೆ ಬೀಳುವುದು ಉಳಿದವು ಮಾತ್ರ. ಕ್ಲಿಕ್ ಸದ್ದು ಬಂದ ಮಾತ್ರಕ್ಕೆ ವೇಗ ಸರಿಯಿದೆ ಎಂದಲ್ಲ. ಶಟರ್ ನಿಧಾನವಾದರೆ ಹೆಚ್ಚು ಬೆಳಕು ಬೀಳುತ್ತದೆ. ನೆಗೆಟಿವ್ ಫಿಲ್ಮ್ ಅದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವುದರಿಂದ ದೋಷ ಮುಚ್ಚಿಹೋಗುತ್ತದೆ. ಸರ್ವಿಸಿನ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಶೋಕೇಸಿನಲ್ಲಿಡುವವರಿಗೆ ಆ ಖರ್ಚು ಬೇಡ. ಫೋಟೋ ತೆಗೆಯುವವರ ಲೆಕ್ಕ ಬೇರೆ: ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಅಗ್ಗದ ‘ಇಂದು’ ಫಿಲ್ಮ್ ಈಗಿಲ್ಲ, ರೀಲೂ ತೊಳೆಸುವುದೂ ದುಬಾರಿ. ಕೆಟ್ಟ ಶಟರಿಗೆ ರೀಲಿನ ಮೇಲೆ ರೀಲು ಬಲಿಕೊಡುವುದಕ್ಕಿಂತ ಒಮ್ಮೆ ಸರ್ವಿಸ್ ಮಾಡಿಸುವುದೇ ಲಾಭ.

ಕೊಳ್ಳುವ ಮೊದಲು ಹಿಂಬಾಗಿಲು ತೆರೆದು ಒಂದು ಸೆಕೆಂಡಿನ ವೇಗವನ್ನು ಗಡಿಯಾರದೊಂದಿಗೆ ಹೋಲಿಸಿ, ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ನೀವಾಗಿ ಎಣ್ಣೆ ಬಿಡಬೇಡಿ. ಸರ್ವಿಸ್ ಆದ ತಾರೀಕು ಮತ್ತು ಆದ ಕೆಲಸವನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾದ ಜೊತೆಗೇ ಇಡಿ. ಮುಂದೆ ಅದನ್ನು ಬಿಚ್ಚುವ ಮೆಕ್ಯಾನಿಕ್‌ಗೆ ಅದು ಬೇಕಾಗುತ್ತದೆ.