"ಎಲ್ಲಿ ನೋವು?" ಎಂದರೆ ಉತ್ತರಿಸುವವರು ಯಾರು?

ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹೋಗುವ ರಸ್ತೆ ಬೆಟ್ಟವನ್ನು ನೇರವಾಗಿ ಹತ್ತುವುದಿಲ್ಲ. ಸುತ್ತಿ ಬಳಸಿ ಏರುತ್ತದೆ. ದಾರಿ ನೀಳವಾದಷ್ಟೂ ಏರಲು ಬೇಕಾದ ಬಲ ಕಡಿಮೆಯೆಂಬುದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು. ಬೆಟ್ಟವೇನೂ ತಗ್ಗಿಲ್ಲ, ಏರುವ ಬಗೆ ಮಾತ್ರ ಬದಲಾಗಿದೆ. ಕಲಿಕೆಗೂ ಈ ಮಾತು ಸಲ್ಲುವುದೇ? ನೋಡೋಣ.

ಲಿಂಗದಹಳ್ಳಿಯ ಮನೆಯೊಂದರಲ್ಲಿ ಡೌನ್ ಸಿಂಡ್ರೋಮ್ ಇರುವ ಹದಿನಾರು ವರ್ಷದ ಹುಡುಗನೊಬ್ಬನಿರುವನೆಂದು ಭಾವಿಸೋಣ. ಬೌದ್ಧಿಕ ವಿಕಲತೆಯನ್ನುಂಟುಮಾಡುವ ಈ ಸ್ಥಿತಿಯನ್ನು 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ವರ್ಣಿಸಿದನು. ಇಂಥವರ ಜೀವಕೋಶಗಳಲ್ಲಿ 46ಕ್ಕೆ ಬದಲಾಗಿ 47 ವರ್ಣತಂತುಗಳಿರುವುದನ್ನು 1959ರಲ್ಲಿ ಪ್ಯಾರಿಸ್ಸಿನ ಲಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಇವರಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗುವ ಸಂಭವ ಇತರರಿಗಿಂತ ಹೆಚ್ಚು. ಆಗ ಆಲಸ್ಯ, ಮಂಕು ಕವಿಯುತ್ತವೆ. "ಅವನಿರುವುದೇ ಹಾಗೆ" ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ತಿಳಿದುಬಿಟ್ಟರೆ, ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆ ಬೆಳಕಿಗೆ ಬಾರದೆ ಉಳಿಯುತ್ತದೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಬೇಕೆನ್ನುವುದು ಇದಕ್ಕಾಗಿಯೇ.

ಆಸ್ಪತ್ರೆಯಲ್ಲಿ "ಎಲ್ಲಿ ನೋವು?" ಎಂದು ಕೇಳಿದಾಗ ಸಾಮಾನ್ಯವಾಗಿ ಉತ್ತರಿಸುವವಳು ತಾಯಿ. ಆದರೆ ನೋವು ತಾಯಿಯದಲ್ಲ. ಆಕೆ ಜೊತೆಯಲ್ಲಿಲ್ಲದ ದಿನವೂ ಬರಬಹುದು.

ಆದ್ದರಿಂದ ಏರುವ ದಾರಿಯನ್ನು ನೀಳವಾಗಿಸೋಣ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕು. ಏಳು ದಿನಗಳಿಗೆ ಏಳು ಮನೆಗಳುಳ್ಳ ಡಬ್ಬಿಯೊಂದಿರಲಿ. ಮೊದಲು ಎಲ್ಲವನ್ನೂ ತಾಯಿ ಮಾಡಿ, ನೀರು ಕುಡಿದು ನುಂಗುವ ಕೊನೆಯ ಕೆಲಸವನ್ನಷ್ಟೇ ಹುಡುಗನಿಗೆ ಬಿಡಲಿ. ಅದು ಕೈಗೂಡಿದ ಮೇಲೆ ಮಾತ್ರೆ ತೆಗೆಯುವುದು, ಆಮೇಲೆ ಆ ದಿನದ ಮನೆಯನ್ನು ಗುರುತಿಸುವುದು, ಹೀಗೆ ಒಂದೊಂದನ್ನೇ ವಹಿಸಲಿ. ಕೈಹಿಡಿದು ಮಾಡಿಸುತ್ತಿದ್ದವರು ಬರಿಯ ಮಾತಿಗೆ, ಮಾತಿನಿಂದ ಸನ್ನೆಗೆ, ಕೊನೆಗೆ ಮೌನಕ್ಕೆ ಇಳಿಯಲಿ. ಮಾತ್ರೆಯ ಪ್ರಮಾಣದ ಮೇಲ್ವಿಚಾರಣೆ ಮಾತ್ರ ಹಿರಿಯರಲ್ಲೇ ಇರಬೇಕು.

ದೇಹದ ಚಿತ್ರವೊಂದನ್ನು ಬರೆದು, ನೋವಿನ ಜಾಗವನ್ನು ಮುಟ್ಟಿ ತೋರಿಸುವುದನ್ನು ಕಲಿಸಬಹುದು. ಹುಡುಗಿಯಾದರೆ ಮುಟ್ಟಿನ ದಿನವನ್ನು ಕ್ಯಾಲೆಂಡರಿನಲ್ಲಿ ತಾನೇ ಗುರುತಿಸಲಿ. ರಕ್ತದೊತ್ತಡ ನೋಡುವ ಪಟ್ಟಿಯ ಬಿಗಿತವನ್ನು ಮನೆಯಲ್ಲೇ ಬಟ್ಟೆ ಸುತ್ತಿ ಪರಿಚಯಿಸಿದರೆ ಆಸ್ಪತ್ರೆಯ ಭಯ ಕಡಿಮೆಯಾದೀತು. ಕೇಳದೆ ಮೈಮುಟ್ಟಿದರೆ "ಬೇಡ" ಎನ್ನುವುದೂ ಆರೋಗ್ಯದ ಪಾಠವೇ.

ಎಲ್ಲರೂ ಶಿಖರ ಮುಟ್ಟಲಾರರು. ಒಂದು ತಿರುವು ಏರಿದರೂ ಲಾಭವೇ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇವರಿಗೂ ಇತರರಂತೆಯೇ ಕಾನೂನುಬದ್ಧ ಸಾಮರ್ಥ್ಯವುಂಟೆಂದು ಮನ್ನಿಸಿದೆ. 1999ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ಚಿಕಿತ್ಸೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ನೆರವೀಯುತ್ತದೆ. ಆದರೆ ನೋವನ್ನು ತೋರಿಸುವ ಬೆರಳನ್ನು ಯಾವ ಕಾಯಿದೆಯೂ ಕೊಡಲಾರದು. ಅದನ್ನು ಮನೆಯಲ್ಲೇ ಪಳಗಿಸಬೇಕು. ಮುಂದಿನ ಸಲ ವೈದ್ಯರು ಕೇಳಿದಾಗ ನಾವು ಒಂದು ನಿಮಿಷ ಸುಮ್ಮನಿದ್ದು, ಹುಡುಗನ ಕಡೆಗೆ ನೋಡೋಣ.