ಖಡಕವಾಸಲೆಗೆ ಒಂದು ಅರ್ಜಿ

ಕಳೆದ ವರುಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಸಂಜೆಯ ಹೊತ್ತು ಶಿಕ್ಷಕರ ಕೊಠಡಿಗೆ ಬಂದನು. ಅವನ ತಂದೆ ಉಪಾಹಾರಗೃಹವೊಂದರಲ್ಲಿ ಗಲ್ಲೆಯ ಮೇಲೆ ಕೂಡ್ರುವವರು. "ಸರ್, ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಅರ್ಜಿ ಹಾಕುವದು ಹೇಗೆ?" ಎಂದು ಕೇಳಿದನು. ಅರ್ಜಿಯ ಕೊನೆಯ ದಿನ ಹಿಂದಿನ ವಾರವೇ ಕಳೆದುಹೋಗಿತ್ತು. ಇಷ್ಟು ದಿನ ಏಕೆ ಕೇಳಲಿಲ್ಲವೆಂದರೆ, "ಅದು ನಮ್ಮಂಥ ಕನ್ನಡ ಶಾಲೆಯವರಿಗಲ್ಲವೆಂದು ತಿಳಿದಿದ್ದೆ" ಎಂದನು. ಈ ಲೇಖನಕ್ಕೆ ಆ ಮಾತೇ ಕಾರಣ.

ಭೂಸೇನೆ, ನೌಕಾದಳ, ವಾಯುದಳ ಈ ಮೂರಕ್ಕೂ ಅಧಿಕಾರಿಗಳಾಗಬೇಕಾದ ತರುಣರು ಒಂದೇ ಸೂರಿನ ಕೆಳಗೆ ಕಲಿಯುವ ಸ್ಥಳವೇ ಈ ಅಕಾಡೆಮಿ. ಪುಣೆಯ ಹತ್ತಿರದ ಖಡಕವಾಸಲೆಯಲ್ಲಿ 1949ರ ಅಕ್ಟೋಬರ 6ರಂದು ಪಂಡಿತ ನೆಹರೂ ಅವರು ಇದರ ಅಡಿಗಲ್ಲನ್ನಿರಿಸಿದರು. 1955ರ ಜನವರಿಯಲ್ಲಿ ಇದರ ವಿಧ್ಯುಕ್ತ ಉದ್ಘಾಟನೆಯಾಯಿತು. ಅದರ ಮುಖ್ಯ ಕಟ್ಟಡಕ್ಕೆ ಸೂಡಾನ್ ಬ್ಲಾಕ್ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸೂಡಾನಕ್ಕಾಗಿ ಕಾದಾಡಿದ ಭಾರತೀಯ ಯೋಧರ ನೆನಪಿಗಾಗಿ ಆ ದೇಶದವರು ಕೊಟ್ಟ 1 ಲಕ್ಷ ಪೌಂಡಿನ ಕಾಣಿಕೆಯಿಂದ ಆ ಹೆಸರು ಬಂದಿತು. ಇಲ್ಲಿ ಮೂರು ವರುಷದ ಶಿಕ್ಷಣ ಮುಗಿದ ಮೇಲೆ ಭೂಸೇನೆಯವರು ಡೆಹರಾಡೂನಿಗೂ ನೌಕಾದಳದವರು ಕೇರಳದ ಎಳಿಮಲೆಗೂ ವಾಯುದಳದವರು ಹೈದರಾಬಾದಿನ ಬಳಿಯ ದುಂಡಿಗಲ್ಲಿಗೂ ಹೋಗುವರು. ಊಟ, ವಸತಿ, ಪುಸ್ತಕ, ಸಮವಸ್ತ್ರಗಳ ವೆಚ್ಚವೆಲ್ಲ ಸರಕಾರದ್ದು. ಕೈಖರ್ಚಿನ ಹಣ ಮಾತ್ರ ತಂದೆತಾಯಿಗಳದು.

ವಿದ್ಯಾರ್ಥಿನಿಯರೂ ಇದನ್ನು ಗಮನಿಸಿ ಓದಬೇಕು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಈ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. 2025ರ ಮೇ ತಿಂಗಳಿನಲ್ಲಿ 17 ಜನ ಕನ್ಯೆಯರ ಮೊದಲ ತಂಡವು ಇಲ್ಲಿಂದ ಹೊರಬಿದ್ದಿತು.

ಅರ್ಜಿಯನ್ನು ಕರೆಯುವದು ಕೇಂದ್ರ ಲೋಕಸೇವಾ ಆಯೋಗ, ವರುಷಕ್ಕೆ ಎರಡು ಸಲ. ತುಂಬುವದು ಆಯೋಗದ ಜಾಲತಾಣದಲ್ಲಿ. ಹನ್ನೆರಡನೆಯ ಇಯತ್ತೆಯಲ್ಲಿ ಓದುತ್ತಿರುವವರೂ ಹಾಕಬಹುದು. ಭೂಸೇನೆಗೆ ಯಾವ ಶಾಖೆಯವರಾದರೂ ಸರಿ. ಉಳಿದೆರಡಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಬೇಕೇ ಬೇಕು. ಆದುದರಿಂದ ಹತ್ತನೆಯದು ಮುಗಿದು ಶಾಖೆಯನ್ನಾರಿಸುವ ದಿನವೇ ಅರ್ಧ ನಿರ್ಧಾರವಾದಂತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಭ್ಯರ್ಥಿಯು ಅವಿವಾಹಿತನಿರಬೇಕು, ವಯಸ್ಸು ಸುಮಾರಾಗಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗಿರಬೇಕು. ಪ್ರತಿಯೊಂದು ಪರೀಕ್ಷೆಗೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಹುಟ್ಟಿದವರೆಂದು ಪ್ರಕಟಣೆಯಲ್ಲಿ ಅಚ್ಚಾಗಿರುವದು. ಆ ತಾರೀಖು ನಿಮ್ಮ ತಾಯಿ ಹೇಳಿದ್ದಲ್ಲ, ಜಾತಕದಲ್ಲಿ ಬರೆದದ್ದೂ ಅಲ್ಲ. ಮ್ಯಾಟ್ರಿಕ್ ಪ್ರಮಾಣಪತ್ರದಲ್ಲಿದ್ದುದೇ ಲೆಕ್ಕ. ನಾನು ಹುಟ್ಟಿದ್ದು ದೀಪಾವಳಿಯ ಮುಂದೆ ಎರಡು ದಿನಕ್ಕೆ. ಆದರೆ ನಮ್ಮ ಹಳ್ಳಿಯ ಶಾಲೆಗೆ ಸೇರಿಸುವಾಗ, ನನ್ನ ಓರಗೆಯ ಅನೇಕರಿಗೆ ಬರೆದಂತೆ, ನನಗೂ ಜೂನ್ 1 ಎಂದು ಬರೆದುಬಿಟ್ಟರು. ಮೊದಲ ಸಲ ಪರೀಕ್ಷೆಯಲ್ಲಿ ಸೋತು ಎರಡನೆಯ ಸಲ ಅರ್ಜಿ ತುಂಬಲು ಕುಳಿತಾಗ ಪ್ರಕಟಣೆಯಲ್ಲಿ "ಜುಲೈ 2ಕ್ಕಿಂತ ಮುಂಚೆ ಹುಟ್ಟಿರಬಾರದು" ಎಂದಿತ್ತು. ಕಾಗದದ ಮೇಲೆ ನಾನು ಒಂದು ತಿಂಗಳು ಮುದುಕನಾಗಿದ್ದೆ! ಹೆಸರಿನ ವಿಷಯವೂ ಹೀಗೆಯೇ. ಊರ ಕಡೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಮುಂಬಯಿಯ ದಾಖಲೆಯಲ್ಲಿ ಅಡ್ಡಹೆಸರು, ಆಧಾರದಲ್ಲಿ ಇನ್ನೊಂದು ಕಾಗುಣಿತ. ಇವೆಲ್ಲವನ್ನು ಹತ್ತನೆಯ ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳಿರಿ; ಆಮೇಲೆ ಕಚೇರಿಗಳ ಮೆಟ್ಟಿಲು ಸವೆಯುವದೇ ಹೊರತು ಕೆಲಸ ಬೇಗ ಆಗುವದಿಲ್ಲ.

ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಒಂದೊಂದಕ್ಕೂ ಎರಡೂವರೆ ತಾಸು. ಪ್ರಶ್ನೆಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುವವು, ಕನ್ನಡದಲ್ಲಿಲ್ಲ. ಆದರೆ ಇಂಗ್ಲಿಷ್ ಭಾಷೆಯನ್ನೇ ಪರೀಕ್ಷಿಸುವ ಭಾಗಕ್ಕಿರುವದು 900ರಲ್ಲಿ 200 ಅಂಕ ಮಾತ್ರ. ಮಿಕ್ಕುದರಲ್ಲಿ ಬೇಕಾದುದು ಗಣಿತ, ವಿಜ್ಞಾನ, ಇತಿಹಾಸ, ಭೂಗೋಲ. ಅವನ್ನು ನೀವು ಕನ್ನಡದಲ್ಲಿ ಕಲಿತಿದ್ದೀರಿ, ಪರಿಭಾಷೆಯನ್ನು ಮಾತ್ರ ಎರಡನೆಯ ಸಲ ಕಲಿಯಬೇಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರರಲ್ಲೊಂದು ಪಾಲು ಕಳೆಯುವರಾದುದರಿಂದ ಕಣ್ಣು ಮುಚ್ಚಿ ಗುರುತು ಹಾಕುವದು ಸಲ್ಲದು.

ಇದರಲ್ಲಿ ಗೆದ್ದವರನ್ನು ಆಯ್ಕೆಯ ಮಂಡಳಿಯು ಐದು ದಿನಗಳ ಪರೀಕ್ಷೆಗೆ ಕರೆಯುವದು. ಇದಕ್ಕೂ 900 ಅಂಕ. ಇಂಥ ಕೇಂದ್ರಗಳು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇವೆ. ಮೊದಲ ದಿನವೇ ಬಹು ಮಂದಿ ತಿರುಗಿ ಮನೆಗೆ ಹೊರಡುವರು. ಉಳಿದವರಿಗೆ 15 ಸೆಕೆಂಡಿಗೊಂದರಂತೆ 60 ಶಬ್ದಗಳನ್ನು ತೋರಿಸಿ, ಹೊಳೆದುದನ್ನು ಬರೆಯೆನ್ನುವರು. ಚಿತ್ರವನ್ನು ಅರ್ಧ ನಿಮಿಷ ತೋರಿಸಿ ಕಥೆ ಬರೆಸುವರು. ಕೊನೆಯಲ್ಲಿ ಏನೂ ಇಲ್ಲದ ಬಿಳಿಯ ಹಾಳೆಯೊಂದು ಬರುವದು, ಅದಕ್ಕೂ ಕಥೆ! ಮೈದಾನದಲ್ಲಿ ಹಲಗೆ, ಹಗ್ಗ, ಮರದ ತೊಲೆಗಳನ್ನು ಕೊಟ್ಟು ಗುಂಪಾಗಿ ಅಡ್ಡಿಗಳನ್ನು ದಾಟಿಸುವರು. ಮನಶ್ಶಾಸ್ತ್ರಜ್ಞರೊಬ್ಬರು ಬರೆದುದನ್ನು, ಸಂದರ್ಶನದ ಅಧಿಕಾರಿ ಆಡಿದುದನ್ನು, ಮೈದಾನದ ಅಧಿಕಾರಿ ಮಾಡಿದುದನ್ನು ಬೇರೆ ಬೇರೆಯಾಗಿ ತೂಗುವರು. ಕೊನೆಯ ದಿನ ಮೂವರೂ ಕೂಡಿ ಕುಳಿತು ತಾಳೆ ನೋಡುವರು. ನಮ್ಮ ಹಿರಿಯರು ಮನಸಾ, ವಾಚಾ, ಕರ್ಮಣಾ ಎನ್ನುತ್ತಿದ್ದುದು ಇದನ್ನೇ. ಬಾಯಿಪಾಠ ಮಾಡಿಸುವ ತರಗತಿಗಳಿಗೆ ಸಾವಿರಾರು ರೂಪಾಯಿ ಸುರಿಯುವವರನ್ನು ಕಂಡು ನನಗೆ ಮರುಕವೆನಿಸುತ್ತದೆ. ಮೂರು ಕಡೆಯಿಂದ ನೋಡುವವರ ಮುಂದೆ ಬಾಯಿಪಾಠ ಎಷ್ಟು ಹೊತ್ತು ನಿಂತೀತು? ಅಲ್ಲಿ ಸೋತವರು ವಯಸ್ಸಿರುವವರೆಗೆ ಮತ್ತೆ ಪರೀಕ್ಷೆ ಬರೆದು ಬರಬಹುದು. ಗೆದ್ದವರಿಗೆ ವೈದ್ಯಕೀಯ ತಪಾಸಣೆಯುಂಟು. ಅನಂತರ 1800 ಅಂಕಗಳ ಮೇಲೆ ಯಾದಿ ಸಿದ್ಧವಾಗುವದು.

ಕಳೆದ ವರುಷದ ಆ ಹುಡುಗನಿಗೆ ವಯಸ್ಸಿನ ಲೆಕ್ಕದಲ್ಲಿ ಇನ್ನೂ ಎರಡು ಅವಕಾಶಗಳಿವೆ. ಶನಿವಾರ ಶಾಲೆ ಬಿಟ್ಟ ಮೇಲೆ ಹಳೆಯ ಪ್ರಶ್ನಪತ್ರಿಕೆಗಳನ್ನು ಹಿಡಿದುಕೊಂಡು ಬರುತ್ತಾನೆ. ನಾನು ಕನ್ನಡ ಕಲಿಸುವವನು. ತ್ರಿಕೋನಮಿತಿಯಲ್ಲಿ ಇಬ್ಬರೂ ಸಿಕ್ಕಿಬಿದ್ದಾಗ ಗಣಿತದ ಶಿಕ್ಷಕರನ್ನು ಕೂಗುತ್ತೇವೆ. ಬೆಂಚಿನ ಮೇಲೆ ಇನ್ನೂ ಮೂವರಿಗೆ ಸ್ಥಳವಿದೆ. ಬರುವವರು ತಮ್ಮ ಜನ್ಮತಾರೀಖಿನ ದಾಖಲೆಯ ಪ್ರತಿಯೊಂದನ್ನು ತಪ್ಪದೆ ತರಬೇಕು.